ಗೀರಿಲ್ಲದ ಪ್ಲೇಟು

"ಕೈ ತೆಗೀರಿ."

ಅಂಗಡಿಯವನು ಹೇಳಿದ್ದು ಅಷ್ಟೇ. ಹೇಳುತ್ತಲೇ ತನ್ನ ಅಂಗೈಯನ್ನು ಗಾಜಿನ ಪೆಟ್ಟಿಗೆಯ ಮೇಲೆ ಊರಿದ. ಪೆಟ್ಟಿಗೆಯೊಳಗೆ ಏಳಿಂಚಿನ ಕಪ್ಪು ಗ್ರಾಮಫೋನ್ ಪ್ಲೇಟೊಂದು ಮಲಗಿತ್ತು. ನಡುವೆ ಕಂದು ಬಣ್ಣದ ಲೇಬಲ್ಲು, ಅದರ ಮೇಲೆ ಮಾಸಿದ ಬೆಳ್ಳಿ ಅಕ್ಷರ.

ರೈಟರಮ್ಮ ಕೈ ತೆಗೆಯಲಿಲ್ಲ. ಪೆಟ್ಟಿಗೆಯ ಮೇಲೆ ಅವನ ಐದು ಬೆರಳು, ಅಂಚಿನಲ್ಲಿ ಅವಳ ನಾಲ್ಕು. ಹೊರಗೆ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಒಳಗೆ ಕಾಲಿಟ್ಟ ಕೂಡಲೇ ಅವನು ಶಟರನ್ನು ಅರ್ಧಕ್ಕೆ ಎಳೆದಿದ್ದ. ಹಾಗಾಗಿ ದಾರಿಹೋಕರ ಮೊಣಕಾಲು, ಚಪ್ಪಲಿ ಮಾತ್ರ ಕಾಣುತ್ತಿದ್ದವು.

"ಒಂದ್ಸಲ ಹಾಕಿ ಕೇಳಿಸಿ," ಎಂದಳು. "ಮೂರು ನಿಮಿಷದ ಹಾಡು. ಕೇಳ್ಕೊಂಡು ಹೋಗ್ತೀನಿ."

"ಇದು ಹಾಕೋ ಪ್ಲೇಟಲ್ಲ, ಮಾರೋ ಪ್ಲೇಟು. ಮುಳ್ಳು ತಗುಲಿದ್ರೆ ಬೆಲೆ ಬಿದ್ದೋಗುತ್ತೆ. ನಾಳೆ ಹನ್ನೊಂದಕ್ಕೆ ಹರಾಜು. ಅಷ್ಟು ಆಸೆ ಇದ್ರೆ ನಾಳೆ ಬಂದು ಕೂಗಿ, ಗೆದ್ಕೊಂಡ್ಹೋಗಿ ದಿನವಿಡೀ ಕೇಳಿ."

ಹಳೇ ಪ್ಲೇಟುಗಳ ವ್ಯಾಪಾರದಲ್ಲಿ ಇವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮುಳ್ಳು ಎಂದೇ. ಪ್ಲೇಟಿನ ಮುಳ್ಳಿನಷ್ಟೇ ಸಣಕಲು ದೇಹ, ಮಾತೂ ಹಾಗೇ, ತಾಕಿದಲ್ಲೆಲ್ಲ ಗೀರುತ್ತಿತ್ತು.

ಮೂರು ವಾರದ ಹಿಂದೆ ಭೂಗೋಳದ ಮೇಷ್ಟ್ರು ತಮ್ಮ ಪ್ಲೇಟಿನ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ದರು. ಅಂದಿನಿಂದ ಅವರಲ್ಲಿದ್ದ ಅಪರೂಪದ ಪ್ಲೇಟು ನಾಪತ್ತೆ, ಅವರಿಗೆ ಶೆಲ್ಫು ಮಾಡಿಕೊಟ್ಟ ಬಡಗಿ ಜೈಲಿನಲ್ಲಿ. ಆ ಬಡಗಿ ರೈಟರಮ್ಮನ ಒಡಹುಟ್ಟಿದ ತಂಗಿಯ ಗಂಡ.

ಅವನೊಂದಿಗೆ ಅವಳಿಗೆ ಆರು ವರ್ಷದಿಂದ ಮಾತಿರಲಿಲ್ಲ. ಕಾರಣ ಒಂದು ಬಾಗಿಲು. ಅವನು ಮಾಡಿಕೊಟ್ಟ ಬಾಗಿಲು ಕೆಳಗೆ ಉಜ್ಜುತ್ತದೆ ಎಂದು ಅವಳು ನಾಲ್ಕು ಜನರ ಎದುರು ಹೇಳಿದ್ದಳು. ಅವನು ತುಟಿ ಪಿಟಕ್ಕೆನ್ನದೆ ತಿರುಪು ಬಿಚ್ಚಿ, ಬಾಗಿಲನ್ನು ಹೆಗಲ ಮೇಲೆ ಹೊತ್ತು ನಡೆದುಬಿಟ್ಟಿದ್ದ. ಎರಡು ದಿನ ಅವಳು ಹೊಸಿಲಿಗೆ ಅಡ್ಡಲಾಗಿ ಮಂಚ ಇಟ್ಟುಕೊಂಡು ಮಲಗಿದ್ದಳು. ಅಂಥವನಿಗಾಗಿ ಈಗ ಊರೆಲ್ಲ ಅಲೆಯುವ ಪಾಡು. ತಂಗಿ ಬಂದು ಅಡುಗೆಮನೆಯ ನೆಲದ ಮೇಲೆ ಕೂತವಳು, ಅಕ್ಕ ಹೂಂ ಎನ್ನುವ ತನಕ ಎದ್ದಿರಲಿಲ್ಲ.

ಪೊಲೀಸರ ಲೆಕ್ಕ ಸರಳವಾಗಿತ್ತು. ಮೇಷ್ಟ್ರ ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದದ್ದು ಮೊದಲು, ಆಳೆತ್ತರದ ಶೆಲ್ಫು ಅವರ ಮೇಲೆ ಉರುಳಿದ್ದು ಆಮೇಲೆ. ಶೆಲ್ಫಿನ ತುಂಬ ಬಡಗಿಯ ಬೆರಳಚ್ಚು. ಶೆಲ್ಫು ಮಾಡಿದವನ ಬೆರಳಚ್ಚು ಶೆಲ್ಫಿನ ಮೇಲಲ್ಲದೆ ಇನ್ನೆಲ್ಲಿ ಇರಬೇಕು ಎಂದು ಅವಳು ಕೇಳಿದ್ದಕ್ಕೆ ಇನ್ಸ್‌ಪೆಕ್ಟರು ಆಕಳಿಸಿದ್ದ. ಅದೇ ಠಾಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಜನರ ಹೇಳಿಕೆ ಬರೆದವಳು ಅವಳು. ಇವನಿಗೆ ಮೊದಲ ಪಂಚನಾಮೆ ಬರೆಯಲು ಕಲಿಸಿದ್ದೂ ಅವಳೇ. ನಿನ್ನೆ ಅವಳನ್ನು ಮುಕ್ಕಾಲು ಗಂಟೆ ನಿಲ್ಲಿಸಿಯೇ ಮಾತಾಡಿಸಿದ. ಪ್ಲೇಟು ಬೇರೆಯವರ ಕೈಯಲ್ಲಿ ಸಿಕ್ಕಿದರೆ ಬಡಗಿಯನ್ನು ಬಿಡುವ ಮಾತು, ಇಲ್ಲದಿದ್ದರೆ ಸೋಮವಾರ ಆರೋಪಪಟ್ಟಿ ಎಂದ. ಇವತ್ತು ಶುಕ್ರವಾರ.

"ಈ ಪ್ಲೇಟು ನಿಮಗೆ ಎಲ್ಲಿಂದ ಬಂತು?" ಎಂದು ರೈಟರಮ್ಮ ಕೇಳಿದಳು.

ಬೇರೆ ಊರಿನ ಒಂದು ಮನೆ ಖಾಲಿ ಮಾಡುವಾಗ ಸಿಕ್ಕಿತು ಎಂದ ಮುಳ್ಳು. ಯಾವ ಊರು ಎಂದರೆ ವ್ಯಾಪಾರದ ಗುಟ್ಟು ಎಂದ. ಯಾವಾಗ ಎಂದರೆ ಎರಡು ತಿಂಗಳಾಯಿತು ಎಂದ. ಉತ್ತರಗಳು ಪಟಪಟನೆ ಬಂದವು, ಬಾಯಿಪಾಠ ಮಾಡಿದ ಹುಡುಗರ ಮಗ್ಗಿಯ ಹಾಗೆ.

ಅವನ ಗತ್ತಿಗೆ ಕಾರಣವಿತ್ತು. ಎದೆಯ ತಳದಿಂದ ದನಿ ಕಿತ್ತು ಹಾಡುವ ಒಂದು ಬಗೆಯ ಇಂಗ್ಲಿಷ್ ಹಾಡಿಗೆ ಸೋಲ್ ಎನ್ನುತ್ತಾರೆ. ಮೊದಲ ಸಲ ಆ ಹೆಸರು ಕೇಳಿದಾಗ ತಂಗಿ ಮುಖ ಹಿಂಡಿಕೊಂಡು, ಸೋಲಿನ ಹಾಡಾ ಅಕ್ಕ, ಹಾಗಾದರೆ ನಮ್ಮದೇ ಎಂದಿದ್ದಳು. ನಲವತ್ತೈದು ವರ್ಷದ ಹಿಂದೆ ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಹೆಂಗಸೊಬ್ಬಳು ಅಂಥ ಎರಡು ಹಾಡು ಹಾಡಿದ್ದಳು, ಈ ಮಗ್ಗುಲಿಗೊಂದು ಆ ಮಗ್ಗುಲಿಗೊಂದು. ಕಂದು ಲೇಬಲ್ಲಿನ ಆ ಕಂಪನಿ ಎಂಟೇ ತಿಂಗಳಲ್ಲಿ ಬಾಗಿಲು ಹಾಕಿತು. ಮಾರದೆ ಉಳಿದ ಪ್ಲೇಟುಗಳನ್ನು ಕರಗಿಸಿ ಅಂಗಿಯ ಗುಂಡಿ ಮಾಡಿದರಂತೆ. ಹಾಡಿದವಳು ಏನಾದಳೋ, ಸತ್ತಳೆಂದೇ ಎಲ್ಲರ ನಂಬಿಕೆ. ಉಳಿದದ್ದು ಒಂದೇ ಪ್ಲೇಟು, ಅದು ಭೂಗೋಳದ ಮೇಷ್ಟ್ರ ಬಳಿ. ಸಂಗ್ರಹಕಾರರು ವರ್ಷಗಟ್ಟಲೆ ಅವರ ಮನೆಗೆ ಎಡತಾಕಿದರೂ ಅವರು ಅದನ್ನು ಮಾರಲಿಲ್ಲ, ಮುಟ್ಟಲೂ ಬಿಡಲಿಲ್ಲ. ಈಗ ಮುಳ್ಳಿನ ಅಂಗಡಿಯಲ್ಲಿ ಇನ್ನೊಂದು ಹುಟ್ಟಿಕೊಂಡಿತ್ತು. ಕೊಳ್ಳಲು ಇಬ್ಬರು ವಿಮಾನ ಹತ್ತಿ ಬಂದು ಹೋಟೆಲಿನಲ್ಲಿ ಇಳಿದಿದ್ದರು.

ರೈಟರಮ್ಮ ಚೀಲದಿಂದ ಹಳೆಯ ಟೇಪ್ ರೆಕಾರ್ಡರು ತೆಗೆದು ಮೇಜಿನ ಮೇಲೆ ಇಟ್ಟಳು.

"ಇದೇನು?"

"ಮೇಷ್ಟ್ರು."

ಬೆಳಿಗ್ಗೆ ಅವಳು ಮೇಷ್ಟ್ರ ಮನೆಗೆ ಹೋಗಿದ್ದಳು. ಮಗ ಒಬ್ಬನೇ ಇದ್ದ. ಅಪ್ಪನ ಪ್ಲೇಟುಗಳನ್ನು ರಟ್ಟಿನ ಪೆಟ್ಟಿಗೆಗೆ ತುರುಕಿ, ಹಲ್ಲಿನಿಂದ ಅಂಟುಪಟ್ಟಿ ಕಚ್ಚಿ ಹರಿಯುತ್ತಿದ್ದ. ಅವಳನ್ನು ಒಳಗೆ ಕರೆಯಲಿಲ್ಲ. ನಮ್ಮಪ್ಪ ಸತ್ತಿದ್ದು ಈ ಪ್ಲೇಟಿನ ಕೆಳಗೆ, ಬದುಕಿದ್ದೂ ಅದರ ಕೆಳಗೇ, ಅಮ್ಮನಿಗೆ ಔಷಧ ತರೋಕೂ ಅವರಿಗೆ ಪುರುಸೊತ್ತಿರಲಿಲ್ಲ ಎಂದ. ಆ ಬಡಗಿ ನಿಮಗೆ ಏನಾಗಬೇಕು ಅಂತ ನನಗೆ ಗೊತ್ತು, ನೆಂಟಸ್ತಿಕೆ ಮಾಡೋಕೆ ಬಂದಿದ್ದರೆ ಮೆಟ್ಟಿಲು ಇಳಿಯಿರಿ ಎಂದ. ಗೇಟಿನ ಪಕ್ಕ ಕಸಕ್ಕೆಂದು ಸುರಿದ ರಾಶಿಯಲ್ಲಿ ನೂರಾರು ಕ್ಯಾಸೆಟ್ಟುಗಳಿದ್ದವು. ಅದನ್ನು ತೋರಿಸಿ, ಬೇಕಿದ್ದರೆ ಅದನ್ನು ಹೊತ್ತುಕೊಂಡು ಹೋಗಿ ಎಂದು ಬಾಗಿಲು ಬಡಿದ.

ಅವಳು ಬಿಸಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ತಿರುವಿ ನೋಡಿದ್ದಳು. ಪ್ಲೇಟು ಸವೆಯಬಾರದೆಂದು ಮೇಷ್ಟ್ರು ಪ್ರತಿಯೊಂದನ್ನೂ ಒಮ್ಮೆ ಹಾಕಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಆಮೇಲೆ ಕೇಳುವುದೆಲ್ಲ ಕ್ಯಾಸೆಟ್ಟಿನಲ್ಲೇ. ಎರಡು ಗಂಟೆ ಹುಡುಕಿದ ಮೇಲೆ, ಬಾಳೆಹಣ್ಣಿನ ಸಿಪ್ಪೆ ಅಂಟಿದ ಒಂದರ ಮೇಲೆ ಆ ಹಾಡುಗಾರ್ತಿಯ ಹೆಸರು ಸಿಕ್ಕಿತ್ತು.

ಈಗ ಗುಂಡಿ ಒತ್ತಿದಳು. ಮೊದಲು ಕೆಮ್ಮು. ಆಮೇಲೆ ಹಾಜರಿ ಕೂಗುವ ಧಾಟಿಯಲ್ಲಿ ಮೇಷ್ಟ್ರ ದನಿ: "ಮೊದಲನೇ ಮಗ್ಗುಲು. ಎರಡನೇ ಚರಣದಲ್ಲಿ ಒತ್ತೊತ್ತಾಗಿ ಎರಡು ಟಿಕ್. ತುತ್ತೂರಿ ಶುರುವಾದಾಗ ಒಂದು. ಮಿಕ್ಕಿದ್ದೆಲ್ಲ ಸ್ವಚ್ಛ."

ಹಾಡು ಹರಿಯಿತು. ಒರಟು ಗಂಟಲು, ನಡುವೆ ಎಲ್ಲೋ ಒಡೆದು ಮತ್ತೆ ಕೂಡಿಕೊಳ್ಳುವ ದನಿ. ರೈಟರಮ್ಮನಿಗೆ ಪದ ಒಂದೂ ಅರ್ಥವಾಗಲಿಲ್ಲ. ಆದರೆ ಠಾಣೆಯ ಬೆಂಚಿನ ಮೇಲೆ ಕೂತು, ಏನೂ ಹೇಳದೆ ಬರೀ ಉಸಿರಾಡುತ್ತಿದ್ದ ಹೆಂಗಸರ ನೆನಪಾಯಿತು. ಎರಡನೇ ಚರಣದಲ್ಲಿ ಹಾಡುಗಾರ್ತಿ ಉಸಿರೆಳೆದುಕೊಳ್ಳುವಾಗ, ಟಿಕ್ ಟಿಕ್. ತುತ್ತೂರಿ ಏಳುವಾಗ ಮತ್ತೊಂದು.

"ಮೇಷ್ಟ್ರ ಪ್ಲೇಟಲ್ಲಿ ಗೀರಿತ್ತು," ಎಂದಳು. "ಗೀರಿಗೆ ಮುಳ್ಳು ತಾಗಿದಾಗೆಲ್ಲ ಆ ಸದ್ದು. ನಿಮ್ಮದು ಬೇರೆ ಪ್ಲೇಟಾದ್ರೆ ಅದೇ ಜಾಗದಲ್ಲಿ ಅದೇ ಸದ್ದು ಬರೋಕೆ ಸಾಧ್ಯವಿಲ್ಲ. ಹಾಕಿ."

"ಹಾಕಲ್ಲ ಅಂದ್ರೆ?"

"ನಾಳೆ ಹನ್ನೊಂದಕ್ಕೆ ಬರ್ತೀನಿ. ಹೋಟೆಲಲ್ಲಿ ಇಳಿದಿರೋ ಆ ಇಬ್ಬರ ಮಧ್ಯೆ ಕುರ್ಚಿ ಹಾಕ್ಕೊಂಡು ಕೂತು, ಇದೇ ಟೇಪು ಹಾಕ್ತೀನಿ. ನನಗೆ ಮಾಡೋಕೆ ಬೇರೆ ಕೆಲಸವೂ ಇಲ್ಲ."

ಮುಳ್ಳು ಅವಳನ್ನು ನುಂಗುವ ಹಾಗೆ ನೋಡಿದ. ಕಸ ಗುಡಿಸುವವರು, ಹೇಳಿಕೆ ಬರೆಯುವವರು, ಇಂಥವರೆಲ್ಲ ಸಂಗೀತದ ವಿಷಯಕ್ಕೆ ತಲೆ ಹಾಕುವ ಕಾಲ ಬಂತಲ್ಲ ಎಂದು ಗೊಣಗಿದ. ರೈಟರಮ್ಮನಿಗೆ ಜೀವಮಾನವಿಡೀ ಬೈಗುಳವನ್ನೂ ಅಕ್ಷರ ತಪ್ಪದೆ ಬರೆದುಕೊಂಡು ಅಭ್ಯಾಸ.

ಕೊನೆಗೆ ಅವನು ಹತ್ತಿಯ ಕೈಗವಸು ತೊಟ್ಟ. ಪೆಟ್ಟಿಗೆ ತೆರೆದು, ಪ್ಲೇಟನ್ನು ಅಂಚಿನಲ್ಲಿ ಹಿಡಿದು, ತಿರುಗುವ ಯಂತ್ರದ ಮೇಲಿಟ್ಟ. ಮುಳ್ಳು ಇಳಿಸುವಾಗ ಅವನ ಕೈ ನಡುಗಲಿಲ್ಲ. ಅದನ್ನು ಅವಳು ಗಮನಿಸಿದಳು. ಕದ್ದ ಮಾಲು ಇಟ್ಟುಕೊಂಡವನ ಕೈ ಅಷ್ಟು ನಿಶ್ಚಿಂತೆಯಾಗಿ ಇರುವುದಿಲ್ಲ.

ಮೊದಲ ಚರಣ ಸ್ವಚ್ಛವಾಗಿ ಹೋಯಿತು. ಅವನ ತುಟಿಯ ತುದಿ ಮೇಲಕ್ಕೆ ಸರಿಯಿತು. ಎರಡನೆಯದು ಶುರುವಾಯಿತು. ಹಾಡುಗಾರ್ತಿ ಉಸಿರೆಳೆದಳು.

ಟಿಕ್ ಟಿಕ್.

ತುತ್ತೂರಿ ಎದ್ದಿತು. ಟಿಕ್.

ರೈಟರಮ್ಮ ಮೇಜಿನ ಮೇಲೆ ಕೈಯೂರಿ ಮುಂದೆ ಬಾಗಿದಳು. "ಇದು ಮೇಷ್ಟ್ರ ಪ್ಲೇಟು. ಅವರನ್ನ ಕೊಂದವರು ಯಾರು ಅಂತ ನೀವು ಹೇಳ್ತೀರೋ, ಠಾಣೆಗೆ ಹೋಗಿ ಹೇಳ್ತೀರೋ?"

ಅವನಿಗೆ ಅವಳ ಮಾತು ಕೇಳಿಸಿದಂತೆಯೇ ಕಾಣಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಯಂತ್ರ ನಿಲ್ಲಿಸಿ ಪ್ಲೇಟು ಎತ್ತಿದ. ಮೇಜಿನ ದೀಪ ಹೊತ್ತಿಸಿ, ಪ್ಲೇಟನ್ನು ಓರೆಯಾಗಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡ. ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು. ಆಮೇಲೆ ಕೈಗವಸು ಕಿತ್ತೆಸೆದು ಬರಿ ಉಗುರಿನಿಂದಲೇ ಪ್ಲೇಟಿನ ಮೈಯನ್ನು ಸವರತೊಡಗಿದ.

"ಗೀರಿಲ್ಲ," ಎಂದ.

"ಏನು?"

"ಸದ್ದು ಇದೆ, ಗೀರಿಲ್ಲ. ನೀವೇ ನೋಡಿ." ಪ್ಲೇಟನ್ನು ಅವಳ ಕಡೆ ತಳ್ಳಿದ, ತಟ್ಟೆ ತಳ್ಳಿದ ಹಾಗೆ. ಒಂದು ನಿಮಿಷದ ಹಿಂದೆ ಅದನ್ನು ಉಸಿರು ತಾಕದಂತೆ ಹಿಡಿದಿದ್ದವನು ಅವನೇ.

ಅವಳು ದೀಪದ ಕೆಳಗೆ ಹಿಡಿದು ನೋಡಿದಳು. ನೀರಿನ ಹಾಗೆ ನುಣುಪು. ಒಂದು ಕೂದಲೆಳೆಯಷ್ಟೂ ಕಲೆಯಿರಲಿಲ್ಲ.

ಅವಳಿಗೆ ನಿಧಾನವಾಗಿ ಹೊಳೆಯಿತು. ಗೀರಿಲ್ಲದೆ ಗೀರಿನ ಸದ್ದು ಬರಬೇಕಾದರೆ ಸದ್ದು ಹಾಡಿನೊಳಗೇ ಅಚ್ಚಾಗಿರಬೇಕು. ಮೇಷ್ಟ್ರ ಪ್ಲೇಟನ್ನು ಹಾಕಿ, ಆ ಹಾಡನ್ನು ಹಿಡಿದು, ಅದರಿಂದ ಹೊಸ ಪ್ಲೇಟು ಒತ್ತಿದ್ದರು. ಹಾಡಿನ ಜೊತೆಗೆ ಗೀರಿನ ಸದ್ದೂ ನಕಲಾಗಿತ್ತು. ಇದು ಮೇಷ್ಟ್ರ ಪ್ಲೇಟಲ್ಲ, ಅದರ ಕಳ್ಳ ಮರಿ.

"ಇಷ್ಟು ದಿನ ಒಂದ್ಸಲಾನೂ ಹಾಕಿ ಕೇಳಲಿಲ್ವಾ?"

"ಯಾಕೆ ಕೇಳಲಿ? ಕಣ್ಣಿಗೆ ಹೊಸದರ ಹಾಗಿತ್ತು. ಯಾರೂ ಮುಳ್ಳು ತಾಗಿಸಿಲ್ಲ ಅಂತ ಖುಷಿಯಾಗಿದ್ದೆ. ಹರಾಜಿನ ಫಲಕದಲ್ಲಿ ಹಾಗೇ ಬರೆಸಿದ್ದೆ ಕೂಡ. ಗೀರಿಲ್ಲದ ಪ್ಲೇಟಲ್ಲಿ ಟಿಕ್ ಎಲ್ಲಿಂದ ಬರುತ್ತೆ ಅಂತ ಧೈರ್ಯವಾಗಿ ಹಾಕಿದೆ." ಅವನು ನಕ್ಕ. ಕೇಳಲು ಹಿತವಾದ ನಗೆಯಲ್ಲ ಅದು. "ಅಸಲಿ ಲೇಬಲ್ಲಿನ ಕಾಗದ ಹೇಗೆ ಮಾಸುತ್ತೆ ಅಂತ ನೋಡಿದೆ, ಅಕ್ಷರ ಅಳತೆ ಮಾಡಿದೆ, ತೂಗಿ ನೋಡಿದೆ. ಕಿವಿ ಒಂದನ್ನ ಬಿಟ್ಟು ಎಲ್ಲಾನೂ ಉಪಯೋಗಿಸಿದೆ."

ಅವಳು ಇನ್ನೊಂದು ಪ್ರಶ್ನೆ ಕೇಳುವ ಅಗತ್ಯವೇ ಬರಲಿಲ್ಲ. ಮೋಸ ಹೋದವನ ಸಿಟ್ಟು ಎಲ್ಲವನ್ನೂ ಹೊರಹಾಕಿಸಿತು. ಬೇರೆ ಊರೂ ಇಲ್ಲ, ಖಾಲಿ ಮನೆಯೂ ಇಲ್ಲ. ಎರಡು ತಿಂಗಳ ಹಿಂದೆ ಮೇಷ್ಟ್ರ ಮಗನೇ ಇದನ್ನು ಅಂಗಿಯೊಳಗೆ ಅಡಗಿಸಿಕೊಂಡು ಬಂದಿದ್ದ. ಅಪ್ಪನದೇ ಪ್ಲೇಟು, ಅಪ್ಪನಿಗೆ ಗೊತ್ತಿಲ್ಲದ ಹಾಗೆ ತಂದಿದ್ದೇನೆ, ಖಾಲಿ ಕವರಲ್ಲಿ ಬೇರೆ ಪ್ಲೇಟು ಇಟ್ಟಿದ್ದೇನೆ ಎಂದಿದ್ದ. ಮೇಷ್ಟ್ರು ಬದುಕಿರುವ ತನಕ ಹೊರಗೆ ತೆಗೆಯಬೇಡಿ ಎಂಬ ಷರತ್ತು ಹಾಕಿದ್ದ. ಮುಳ್ಳು ತನ್ನ ಮನೆ ಒತ್ತೆಯಿಟ್ಟು ಕೊಂಡಿದ್ದ.

"ಬದುಕಿರೋ ತನಕ," ಎಂದು ರೈಟರಮ್ಮ ಮೆಲ್ಲಗೆ ಅದನ್ನೇ ಪುನಃ ಹೇಳಿದಳು. ಬರೆದುಕೊಳ್ಳಲು ಬೆರಳು ತುರಿಸಿತು. "ಆಮೇಲೆ ಐದೇ ವಾರಕ್ಕೆ ಅವರು ಸತ್ತರು. ನಿಮಗೆ ಏನೂ ಅನ್ನಿಸಲಿಲ್ಲ."

"ಅನುಕೂಲ ಆಯ್ತು ಅನ್ನಿಸ್ತು."

ಈ ಮನುಷ್ಯನ ಮುಖಕ್ಕೆ ಟೇಪ್ ರೆಕಾರ್ಡರು ಎತ್ತಿ ಹಾಕಬೇಕೆನ್ನಿಸಿತು ಅವಳಿಗೆ. ಆದರೆ ಒಳಗೊಳಗೇ ಗಂಟೊಂದು ಸಡಿಲವಾಗುತ್ತಿತ್ತು. ಕಳ್ಳತನದಲ್ಲಿ ನಕಲು ಮಾಡಿಸಿದ ಮಗ. ಅಸಲಿಯನ್ನು ಅಪ್ಪ ನಾಲ್ಕು ಜನರ ಮುಂದೆ ತೆಗೆದರೆ ಅವನ ವ್ಯವಹಾರ ಬೀದಿಗೆ ಬೀಳುತ್ತದೆ. ಕೊಲ್ಲಲು ಬಡಗಿಗಿಂತ ದೊಡ್ಡ ಕಾರಣ ಆ ಮಗನಿಗಿತ್ತು. ಇನ್ಸ್‌ಪೆಕ್ಟರು ಇದನ್ನು ಆಕಳಿಸಿ ತಳ್ಳಿಹಾಕುವ ಹಾಗಿಲ್ಲ.

"ಹಾಗಾದ್ರೆ ಆ ಮುದುಕಿ ಹೇಳಿದ್ದು ನಿಜ," ಎಂದ ಮುಳ್ಳು. ಅವಳಿಗಲ್ಲ, ತನಗೇ ಹೇಳಿಕೊಂಡ ಹಾಗಿತ್ತು.

"ಯಾವ ಮುದುಕಿ?"

ಅವನು ಪ್ಲೇಟನ್ನು ಎತ್ತಿ ಪೆಟ್ಟಿಗೆಯೊಳಗೆ ಇಡತೊಡಗಿದ. ರೈಟರಮ್ಮ ಮೇಜಿನ ಈಚೆ ಇದ್ದ ಸ್ಟೂಲನ್ನು ಎಳೆದು ಕೂತಳು. ಕೂತವಳು ಏಳುವ ಲಕ್ಷಣ ಕಾಣದಿದ್ದಾಗ ಅವನು ಹೇಳಿದ. ಹರಾಜಿನ ಫಲಕ ಬೀದಿಗೆ ಹಾಕಿದ ಮಾರನೇ ದಿನ, ಅಂದರೆ ಮಂಗಳವಾರ, ವಯಸ್ಸಾದ ಹೆಂಗಸೊಬ್ಬಳು ಬಂದಿದ್ದಳು. ಕೈಯಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ರಬ್ಬರಿನ ಚಪ್ಪಲಿ. ನೀನು ಮಾರುತ್ತಿರುವುದು ಸುಳ್ಳು ಪ್ಲೇಟು, ನಿಜವಾದ್ದು ನನ್ನ ಹತ್ತಿರ ಇದೆ ಎಂದಳು. ಇವನು ಹೊರಗೆ ಕೈ ತೋರಿಸಿದ. ಅವಳು ಹೋಗಲಿಲ್ಲ.

"ಅವಳು ಏನಂದಳು, ಹಾಗೇ ಹೇಳಿ. ಒಂದಕ್ಷರ ಬಿಡಬೇಡಿ."

ಮುಳ್ಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "'ನಂದು ನಾನು ಮಾರಲ್ಲಪ್ಪ. ಆದ್ರೆ ಹಾಡಿದ್ದು ನಾನು. ನನ್ನ ಗಂಟಲಿನ ಹೆಸರಲ್ಲಿ ಸುಳ್ಳು ಮಾರಬೇಡ.' ಅಷ್ಟು ಹೇಳಿ ಒಂದು ಖಾಲಿ ಕವರು ಇಟ್ಟು ಹೋದಳು. ಓದ್ಕೋ, ನಂಬಿಕೆ ಬರುತ್ತೆ ಅಂದ್ಲು."

ಸತ್ತಳೆಂದು ಊರೆಲ್ಲ ನಂಬಿದ್ದ ಹಾಡುಗಾರ್ತಿ ಮೂರು ದಿನದ ಹಿಂದೆ ಇದೇ ಸ್ಟೂಲಿನ ಪಕ್ಕ ನಿಂತಿದ್ದಳು.

"ಓದಿದ್ರಾ?"

"ಹುಚ್ಚಿ ಅನ್ಕೊಂಡೆ. ಅಲ್ಲೆಲ್ಲೋ ಹಾಕಿದೀನಿ."

ಅಲ್ಲೆಲ್ಲೋ ಎಂದರೆ ಮೂಲೆಯ ರಟ್ಟಿನ ಪೆಟ್ಟಿಗೆ, ಅದರ ತುಂಬ ಹರಿದ ಕವರುಗಳು. ಇಬ್ಬರೂ ನೆಲದ ಮೇಲೆ ಮೊಣಕಾಲೂರಿ ಹುಡುಕಿದರು, ಒಬ್ಬರ ಕೈ ಇನ್ನೊಬ್ಬರಿಗೆ ತಾಕದ ಹಾಗೆ. ಸಿಕ್ಕಿದ್ದು ಅವಳಿಗೇ. ಕಂದು ಕಾಗದದ ಚೌಕ ಕವರು, ನಡುವೆ ದುಂಡು ತೂತು. ಹಿಂದೆ ತಿರುಗಿಸಿದಳು. ಕರಿಹಲಗೆಯ ಮೇಲೆ ಬರೆದಂಥ ದುಂಡನೆಯ ಅಕ್ಷರ, ಮೇಷ್ಟ್ರದು.

"ಈ ಪ್ಲೇಟನ್ನು, ಇದರ ಹಾಡು ಹಾಡಿದವರಿಗೇ ಇವತ್ತು ನನ್ನ ಕೈಯಾರೆ ಒಪ್ಪಿಸಿದ್ದೇನೆ. ಇದರ ಮೇಲೆ ನನಗಾಗಲಿ ನನ್ನ ಮಗನಿಗಾಗಲಿ ಹಕ್ಕಿಲ್ಲ."

ಕೆಳಗೆ ಸಹಿ. ತಾರೀಖು ಅವರು ಸತ್ತ ದಿನದ್ದು. ಪಾಠದ ವೇಳಾಪಟ್ಟಿ ಬರೆದು ಬರೆದು ರೂಢಿಯಾದವರು, ಗಂಟೆಯನ್ನೂ ಬರೆದಿದ್ದರು: ಮಧ್ಯಾಹ್ನ ಮೂರು ಹದಿನೈದು.

ಪ್ಲೇಟು ಕಳುವಾಗಿರಲೇ ಇಲ್ಲ. ಕೊಟ್ಟದ್ದು. ಕದಿಯಲು ಕೊಂದ ಎಂಬ ಪೊಲೀಸರ ಕತೆ ಈ ಒಂದು ತುಂಡು ಕಾಗದದಿಂದ ಮುರಿದು ಬೀಳುತ್ತಿತ್ತು. ತಂಗಿಯ ಮುಖ ರೈಟರಮ್ಮನ ಕಣ್ಣ ಮುಂದೆ ಬಂತು. ಅವಳು ಕಾಗದವನ್ನು ಬೆಳಕಿಗೆ ಇನ್ನಷ್ಟು ಹತ್ತಿರ ಹಿಡಿದಳು.

ಸಹಿಯ ಕೆಳಗೆ ಇನ್ನೊಂದು ಸಾಲಿತ್ತು. ಸಾಕ್ಷಿ, ಎಂದು ಮೇಷ್ಟ್ರು ಬರೆದಿದ್ದರು. ಅದರ ಮುಂದೆ ಬೇರೆ ಕೈಯ ಸಹಿ. ಪೆನ್ನಲ್ಲ, ಮರಕ್ಕೆ ಗುರುತು ಹಾಕುವ ಚಪ್ಪಟೆ ಪೆನ್ಸಿಲ್ಲಿನ ದಪ್ಪ ಗೆರೆ. ಮೊದಲಕ್ಷರಕ್ಕೆ ಉದ್ದನೆಯ ಬಾಲ.

ಅದೇ ಬಾಲವನ್ನು ಅವಳು ನಿನ್ನೆ ಠಾಣೆಯಲ್ಲಿ, ಒಂದು ಹೇಳಿಕೆಯ ಕೊನೆಯಲ್ಲಿ ನೋಡಿದ್ದಳು. ಆ ದಿನ ಹನ್ನೆರಡು ಗಂಟೆಗೆ ಕೆಲಸ ಮುಗಿಸಿ ಹೊರಟೆ, ಮತ್ತೆ ಆ ಮನೆ ಕಡೆ ತಲೆ ಹಾಕಿಲ್ಲ ಎಂದು ಬಡಗಿ ಅದರಲ್ಲಿ ಹೇಳಿದ್ದ. ಮೂರು ಸಲ ಹೇಳಿದ್ದ, ಮೂರು ಸಲವೂ ಅವೇ ಪದಗಳಲ್ಲಿ. ಡಾಕ್ಟರ ವರದಿಯ ಪ್ರಕಾರ ಮೇಷ್ಟ್ರ ಪ್ರಾಣ ಹೋದದ್ದು ಮೂರರಿಂದ ನಾಲ್ಕರ ನಡುವೆ.

ಕಳ್ಳತನದಿಂದ ಅವನನ್ನು ಬಿಡಿಸುವ ಕಾಗದವೇ ಅವನನ್ನು ಕೊಲೆಯ ಹೊತ್ತಿಗೆ ಆ ಕೋಣೆಯೊಳಗೆ ನಿಲ್ಲಿಸುತ್ತಿತ್ತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆ ಹಾಡುಗಾರ್ತಿಯನ್ನು ಹುಡುಕಿ ತರಬಹುದಿತ್ತು. ಅವನು ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಮುಳ್ಳು ಅವಳ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ. ಅವನ ಉಸಿರು ಅವಳ ಕಿವಿಗೆ ತಾಕಿತು.

"ಸಾಕ್ಷಿ ಹಾಕಿರೋದು ಯಾರು?"

"ಗೊತ್ತಿಲ್ಲ," ಎಂದಳು ರೈಟರಮ್ಮ. ದನಿ ಅಲುಗಲಿಲ್ಲ.

ಅವನು ನಿಧಾನವಾಗಿ ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡ. ಹೋಗಿ ಶಟರನ್ನು ಪೂರ್ತಿ ಕೆಳಗಿಳಿಸಿದ. ಬೀದಿಯ ಮೊಣಕಾಲುಗಳು, ಚಪ್ಪಲಿಗಳು ಮಾಯವಾದವು. ಮೇಜಿನ ದೀಪ ಒಂದೇ ಉಳಿಯಿತು.

"ನಂಗೊತ್ತು," ಎಂದ. "ನಿಮ್ಮ ತಂಗಿ ಗಂಡ, ಆ ನೆಂಟಸ್ತಿಕೆ ಊರಿಗೇ ಗೊತ್ತು. ಹೋದ ವರ್ಷ ಈ ಅಂಗಡಿಗೆ ಮರದ ಕೆಲಸ ಮಾಡಿದ್ದೂ ಅವನೇ. ಅವನು ಬರೆದುಕೊಟ್ಟ ರಸೀದಿ ಇಲ್ಲೇ ಡ್ರಾಯರಲ್ಲಿದೆ. ಅದೇ ಪೆನ್ಸಿಲ್ಲು, ಅದೇ ಬಾಲ."

ರೈಟರಮ್ಮ ಕವರನ್ನು ಎದೆಗೆ ಒತ್ತಿಕೊಂಡೇ ನೆಲದಿಂದ ಎದ್ದಳು.

"ನಾಳೆ ಹನ್ನೊಂದಕ್ಕೆ ನೀವು ಬರಲ್ಲ," ಎಂದ ಮುಳ್ಳು. ಅವನ ಮುಖಕ್ಕೆ ಹಳೆಯ ಬಣ್ಣ ವಾಪಸು ಬಂದಿತ್ತು. "ಈ ಪ್ಲೇಟು ಅಸಲಿ. ನೀವು ಕೇಳಿದ್ರಿ, ಟಿಕ್ ಇರಲಿಲ್ಲ. ಆ ಕವರು ಹುಟ್ಟೇ ಇಲ್ಲ. ನಿಮ್ಮ ತಂಗಿ ಗಂಡನ್ನ ನೀವು ನೋಡ್ಕೊಳ್ಳಿ, ನನ್ನ ಮನೆ ನಾನು ನೋಡ್ಕೋತೀನಿ. ಬೇಡ ಅಂದ್ರೆ ಈಗ್ಲೇ ಇಬ್ರೂ ಕೂಡಿ ಠಾಣೆಗೆ ಹೋಗೋಣ. ಒಂದು ಕೈಯಲ್ಲಿ ಕವರು, ಒಂದು ಕೈಯಲ್ಲಿ ರಸೀದಿ."

ಅಷ್ಟು ಹೇಳಿ ಅವನು ಫೋನೆತ್ತಿ ಅವಳ ಮುಂದಿಟ್ಟ. ತೆರೆಯ ಮೇಲೆ ಇನ್ಸ್‌ಪೆಕ್ಟರನ ನಂಬರು ಆಗಲೇ ಒತ್ತಿ ಸಿದ್ಧವಾಗಿತ್ತು.

"ಹೇಳಿ ರೈಟರಮ್ಮ, ಏನಂತ ಬರ್ಕೊಳ್ಳಲಿ?"